ಜೆರೇನಿಯಂ ಗಿಡಕ್ಕೆ ಬೆಳಕು: ಪಡಸಾಲೆಯಲ್ಲಿ ಎಷ್ಟು, ಅಂಗಳದಲ್ಲಿ ಎಷ್ಟು?



ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರು ಬರುವಾಗ ಒಂದೆರಡು ಹೂಕುಂಡ ಕೊಂಡು ತರುವುದುಂಟು. ಜನವರಿಯಲ್ಲಿ ಕೆಂಪು ಗೊಂಚಲು ಹೊತ್ತು ಮನೆಗೆ ಬಂದ ಜೆರೇನಿಯಂ, ಯುಗಾದಿಯ ಹೊತ್ತಿಗೆ ಒಣಕಡ್ಡಿಯಾಗಿ ನಿಂತಿರುತ್ತದೆ. "ನಮ್ಮೂರ ನೀರು ಇದಕ್ಕೆ ಒಗ್ಗಲಿಲ್ಲ" ಎಂದು ಮನೆಯವರು ಹೇಳುತ್ತಾರೆ. ನೀರಿನ ದೋಷವೂ ಕೆಲವು ಸಲ ಇರಬಹುದು. ಆದರೆ ನಾನು ಕಂಡ ಹೆಚ್ಚಿನ ಗಿಡಗಳು ಸತ್ತದ್ದು ಬೆಳಕಿನ ಲೆಕ್ಕ ತಪ್ಪಿದ್ದರಿಂದ.

ಕಳೆದ ಚಳಿಗಾಲದಲ್ಲಿ ಕಿನ್ನಾಳದ ರೈತರೊಬ್ಬರು ನನ್ನನ್ನು ಕರೆದು ತಮ್ಮ ಅಂಗಳದ ಕುಂಡ ತೋರಿಸಿದರು. ಅದು ಎಲೆಯಿಂದ ಎಣ್ಣೆ ತೆಗೆಯುವ ಸುಗಂಧ ಜೆರೇನಿಯಂ, ಸೊಂಪಾಗಿ ಬೆಳೆದಿತ್ತು. ಅದನ್ನು ನೋಡಿಯೇ ಅವರು ಕೊಳವೆ ಬಾವಿಯ ಪಕ್ಕದ ಅರ್ಧ ಎಕರೆ ಮಸಾರಿ ಹೊಲಕ್ಕೆ ಇದನ್ನೇ ನಾಟಿ ಮಾಡಲು ಹೊರಟಿದ್ದರು. ಸಸಿಗೆ ಮುಂಗಡ ಕೊಡುವುದೊಂದೇ ಬಾಕಿ. "ಕುಂಡದಾಗ ಬಂದದ್ದು ಹೊಲದಾಗ ಯಾಕ ಬರೂದಿಲ್ರೀ?" ಎಂಬುದು ಅವರ ಪ್ರಶ್ನೆ. ಉತ್ತರ ಹೇಳಬೇಕಾದರೆ ಮೊದಲು ಈ ಗಿಡದ ಸ್ವಭಾವವನ್ನು ತಿಳಿಯಬೇಕು.

ನಾವು ಜೆರೇನಿಯಂ ಎನ್ನುವ ಕುಂಡದ ಗಿಡ ಸಸ್ಯಶಾಸ್ತ್ರದ ಪ್ರಕಾರ ಪೆಲಾರ್ಗೋನಿಯಂ. ಇದರ ತವರು ದಕ್ಷಿಣ ಆಫ್ರಿಕ. ಅದು ಬಿಸಿಲು ಧಾರಾಳವಾಗಿರುವ, ಆದರೆ ರಾತ್ರಿ ತಂಪಾಗುವ ಸೀಮೆ. ಆದ್ದರಿಂದ ಗಿಡಕ್ಕೆ ಬೆಳಕಿನ ಹಸಿವು ಹೆಚ್ಚು, ಬೇಗೆಯನ್ನು ತಾಳುವ ಶಕ್ತಿ ಕಡಿಮೆ. ನಮ್ಮಲ್ಲಿ ಇವೆರಡೂ ಒಟ್ಟಿಗೇ ಬರುತ್ತವೆ. ಕಷ್ಟವೆಲ್ಲ ಅಲ್ಲೇ ಇದೆ.

ಬೆಳಕನ್ನು ಅಳೆಯುವುದರಲ್ಲಿ ನಮ್ಮ ಕಣ್ಣು ಬಹಳ ಮೋಸ ಮಾಡುತ್ತದೆ. ನಡುಮಧ್ಯಾಹ್ನ ಬಯಲಿನಲ್ಲಿ ಸುಮಾರು 1,00,000 ಲಕ್ಸ್ ಬೆಳಕು ಇರುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಬಳಿ ಅದು ಕೆಲವೇ ಸಾವಿರ. ದಪ್ಪ ಗೋಡೆಯ ಮಾಳಿಗೆ ಮನೆಯ ಪಡಸಾಲೆಯಲ್ಲಿ, ಹಿಂದಿನ ಗೋಡೆಯ ಹತ್ತಿರ, ಒಂದೆರಡು ನೂರು ಸಿಕ್ಕರೆ ಹೆಚ್ಚು. ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಳ್ಳುವುದರಿಂದ ನಮಗೆ ಅಲ್ಲಿಯೂ ಬೆಳಕಿದ್ದಂತೆಯೇ ತೋರುತ್ತದೆ. ಗಿಡಕ್ಕೆ ಅದು ಉಪವಾಸ.

ಕಿನ್ನಾಳದವರಿಗೆ ಒಂದು ಸುಲಭವಾದ ಅಳತೆ ಹೇಳುತ್ತೇನೆ. ಇಲ್ಲಿಯ ಚಿತ್ರಗಾರರು ಹಗುರ ಮರದ ಗೊಂಬೆಗೆ ಕಣ್ಣು ಬರೆಯುವಾಗ ಬಾಗಿಲಿನ ಅಥವಾ ಕಿಟಕಿಯ ಬೆಳಕಿಗೆ ಸರಿದು ಕೂಡುತ್ತಾರಲ್ಲವೇ? ದೀಪವಿಲ್ಲದೆ ಆ ಗೆರೆ ಎಳೆಯಲು ಸಾಕಾಗುವ ಬೆಳಕಿನಲ್ಲಿ ಜೆರೇನಿಯಂ ಕೆಲವು ವಾರ ಜೀವ ಹಿಡಿದೀತು, ಹೂವಂತೂ ಬಿಡಲಾರದು. ಹೂವಿಗೆ ದಿನಕ್ಕೆ 4ರಿಂದ 6 ಗಂಟೆಯ ನೇರ ಬಿಸಿಲು ಬೇಕು. ಎಲೆಯ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿದು ನೋಡಿರಿ. ಬೆರಳು ಬೆರಳಾಗಿ ನೆರಳು ಬಿದ್ದರೆ ಸ್ಥಳ ಒಳ್ಳೆಯದು. ನೆರಳು ಮಸುಕಾಗಿದ್ದರೆ ಕುಂಡವನ್ನು ಕಿಟಕಿಗೆ ಇನ್ನಷ್ಟು ಸರಿಸಿರಿ. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಇಡಬೇಡಿರಿ.

ಯಾವ ದಿಕ್ಕಿನ ಕಿಟಕಿ? ಇಂಗ್ಲೆಂಡ್, ಅಮೆರಿಕಗಳ ಪುಸ್ತಕಗಳು ದಕ್ಷಿಣದ ಕಿಟಕಿ ಎನ್ನುತ್ತವೆ. ನಾನೂ ಅದನ್ನೇ ನಂಬಿ ಒಮ್ಮೆ ಕೆಟ್ಟೆ. ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯಲ್ಲಿಟ್ಟ ನನ್ನ ಗಿಡ ಚೆನ್ನಾಗಿಯೇ ಇತ್ತು. ಮಾರ್ಚ್ ಕಳೆಯುತ್ತಲೇ ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚಿ ಕಾಂಡ ಬಡಕಲಾಯಿತು, ಎಲೆ ಪೇಲವವಾಯಿತು. ಗಾಬರಿಯಾಗಿ ಒಂದೇ ಸಲಕ್ಕೆ ಏಪ್ರಿಲ್ ಬಿಸಿಲಿಗೆ ಒಯ್ದಿಟ್ಟೆ. ಮೂರು ದಿನದಲ್ಲಿ ಎಲೆಗಳು ಬಿಳಿಚಿ ಕಾಗದದಂತಾದವು.

ಕಾರಣ ಸರಳ. ಕಿನ್ನಾಳ ಇರುವುದು ಉತ್ತರ ಅಕ್ಷಾಂಶ 15 ಡಿಗ್ರಿಯ ಆಸುಪಾಸಿನಲ್ಲಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಕಿಟಕಿಯೊಳಗೆ ಬಿಸಿಲು ಇಳಿಯುತ್ತದೆ. ಭರಣಿ ಮಳೆಯ ಕಾಲಕ್ಕೆ, ಅಂದರೆ ಮೇ ಮೊದಲ ವಾರದಲ್ಲಿ, ನಡುಹಗಲಿನ ಸೂರ್ಯ ನೆತ್ತಿಗೇ ಬರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೆಯ ವಾರದವರೆಗೆ ಆತ ನಮಗೆ ತುಸು ಉತ್ತರದಲ್ಲಿರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲಿಲ್ಲ. ಲಂಡನ್ನಿನಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ, ಚಳಿಗಾಲದ ಹಗಲು 8 ಗಂಟೆಯೂ ಇರುವುದಿಲ್ಲ. ಅವರ ಮಾತು ಅವರಿಗೆ ಸರಿ. ಅವರಂತೆ ವಿದ್ಯುತ್ ದೀಪ ಹಾಕುವ ಖರ್ಚೂ ನಮಗೆ ಬೇಕಿಲ್ಲ. ನಮ್ಮ ಅತಿ ಚಿಕ್ಕ ಹಗಲೂ 11 ಗಂಟೆಗೆ ಮೇಲೆಯೇ ಇದೆ.

ಆದ್ದರಿಂದ ವರ್ಷವಿಡೀ ನಂಬಬಹುದಾದದ್ದು ಮೂಡಣ ಕಿಟಕಿ. ಬೆಳಗಿನ ಬಿಸಿಲಿನಲ್ಲಿ ಬೆಳಕುಂಟು, ಬೇಗೆಯಿಲ್ಲ. ಪಡುವಣ ಕಿಟಕಿ ಚಳಿಗಾಲಕ್ಕೆ ಮಾತ್ರ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಗಿಡ ಒಂದೇ ಕಡೆ ವಾಲುವುದಿಲ್ಲ. ಬೆಳಕು ಕಡಿಮೆಯಿದ್ದಷ್ಟೂ ನೀರು ಕಡಿಮೆ ಮಾಡಿರಿ. ಇಲ್ಲವಾದರೆ ಬುಡ ಕಪ್ಪಾಗಿ ಕೊಳೆಯುತ್ತದೆ.

ಅಂಗಳದಲ್ಲಿ ಋತುವಿಗೆ ತಕ್ಕಂತೆ ಕುಂಡ ಸರಿಯಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ಪೂರ್ಣ ಬಿಸಿಲಿನಲ್ಲಿಡಬಹುದು. ಮಾರ್ಚಿನಿಂದ ಮೇವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ನೆರಳು ಕಡ್ಡಾಯ. ಬೇವಿನ ಮರದ ಚುಕ್ಕಿ ನೆರಳು, ತೆಂಗಿನ ಗರಿಯ ತೆಳು ಚಪ್ಪರ ಅಥವಾ ಶೇಕಡಾ 50ರ ನೆರಳು ಪರದೆ ಸಾಕು. ತಗಡಿನ ಕೆಳಗೆ ಇಡಬೇಡಿರಿ. ಅಲ್ಲಿ ಬೆಳಕಿಲ್ಲ, ಕಾವು ಮಾತ್ರ ಇದೆ. ಕಾದ ಕಲ್ಲುಹಾಸಿನ ಮೇಲೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿಟ್ಟ ಗಿಡದ ಬೇರು ಬೇಯುತ್ತದೆ. ಮಣ್ಣಿನ ಕುಂಡವೇ ಲೇಸು. ಮಳೆಗಾಲದಲ್ಲಿ ಬೆಳಕು ಬೀಳುವ ಆದರೆ ಮಾಳಿಗೆಯ ಹನಿ ಬೀಳದ ಕಟ್ಟೆ ಆರಿಸಿರಿ. ಒಳಗಿನ ಗಿಡವನ್ನು ಹೊರಗೆ ತರುವಾಗ ಮೊದಲೆರಡು ದಿನ ಬೆಳಗಿನ ಒಂದು ಗಂಟೆ, ಆಮೇಲೆ ಎರಡು ಗಂಟೆ, ಹೀಗೆ ಹತ್ತು ದಿನ ರೂಢಿ ಮಾಡಿಸಬೇಕು.

ಈಗ ಆ ಅರ್ಧ ಎಕರೆಯ ಮಾತು. ಅವರ ಕುಂಡವನ್ನು ಮನೆಯಾಕೆ ಬೇಸಿಗೆಯಲ್ಲಿ ದಿನವೂ ಹತ್ತು ಗಂಟೆಗೆ ಎತ್ತಿ ಗೋಡೆಯ ಮರೆಗೆ ಇಡುತ್ತಿದ್ದರಂತೆ. ಯಜಮಾನರಿಗೆ ಅದು ಗೊತ್ತೇ ಇರಲಿಲ್ಲ! ಹೊಲವನ್ನು ಹಾಗೆ ಎತ್ತಿ ಇಡಲಾಗದು. ಈ ಬೆಳೆ ಒಗ್ಗಿರುವ ನೀಲಗಿರಿ ಎತ್ತರದ ತಂಪು ಸೀಮೆ. ಬೆಂಗಳೂರು ಕೂಡ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಕೊಪ್ಪಳದ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಲ್ಲದೆ ಒಂದು ಕಿಲೋ ಎಣ್ಣೆಗೆ ಹತ್ತಿರ ಹತ್ತಿರ ಸಾವಿರ ಕಿಲೋ ಸೊಪ್ಪು ಬೇಕು. ಬೇಸಿಗೆಯಲ್ಲಿ ಅರ್ಧ ಗಿಡ ಹೋದರೆ ಭಟ್ಟಿಯ ಸೌದೆಯ ಖರ್ಚೂ ಹುಟ್ಟುವುದಿಲ್ಲ.

ಮುಂಗಡ ಕೊಡುವ ಮುನ್ನ ತಮ್ಮದೇ ಕುಂಡದ ಕಡ್ಡಿಗಳಿಂದ ಇಪ್ಪತ್ತು ಸಸಿ ಮಾಡಿಕೊಳ್ಳಲು ಹೇಳಿದೆ. ಹತ್ತು ಬಯಲಿನಲ್ಲಿ, ಹತ್ತು ನೆರಳು ಪರದೆಯ ಕೆಳಗೆ. ನೀರು, ಗೊಬ್ಬರ ಎರಡಕ್ಕೂ ಒಂದೇ. ಮೃಗಶಿರ ಮಳೆ ಹೂಡುವ ದಿನ ಎರಡೂ ಕಡೆ ಉಳಿದವನ್ನು ಎಣಿಸಬೇಕು. ಸಸಿಗಳು ಬೇರು ಬಿಟ್ಟು ನಾಟಿಯಾಗಿವೆ. ಏಪ್ರಿಲ್ ಇನ್ನೂ ಬರಬೇಕಿದೆ.