ಬೈಬಲ್ ಒಂದೇ, ಸಭೆ ಮಾತ್ರ ಇಷ್ಟೊಂದು ಯಾಕೆ?

ಈ ವಾರದ ಮಾತಿನ ಬರಹರೂಪ ಇದು.

ಧಾರವಾಡದ ಸಿಎಸ್‌ಐ ಸಭೆಯಲ್ಲಿ ಬೆಳೆದ ಹುಡುಗಿಯೊಬ್ಬಳು ಕೆಲಸ ಸಿಕ್ಕಿ ಪುಣೆಗೆ ಬರ್ತಾಳೆ ಅಂತಿಟ್ಟುಕೊಳ್ಳಿ. ಭಾನುವಾರ ಚರ್ಚ್ ಹುಡುಕಿದ್ರೆ ಸಿಎನ್‌ಐ, ಮೆಥೊಡಿಸ್ಟ್, ಕ್ಯಾಥೊಲಿಕ್, ಮಾರ್ತೋಮಾ, ಪೆಂಟೆಕೋಸ್ಟಲ್ ಅಂತ ಸಾಲು ಸಾಲು ಬೋರ್ಡು. ಅವಳೂರಿನ ಸಿಎಸ್‌ಐ ಮಾತ್ರ ಸುಲಭಕ್ಕೆ ಕಾಣಲ್ಲ. ಯಾವುದಕ್ಕೆ ಹೋದ್ರೇನು ಅನ್ನಬಹುದು. ಆದ್ರೆ ನಾಳೆ ಮದುವೆ, ಮಗುವಿನ ದೀಕ್ಷಾಸ್ನಾನ, ಹಿರಿಯರು ತೀರಿಕೊಂಡ್ರೆ ಮಣ್ಣು ಮಾಡೋ ಜಾಗ, ಇದೆಲ್ಲಾ ಬಂದಾಗ "ನೀವು ಯಾವ ಸಭೆಯ ಸದಸ್ಯರು?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಹಾಗಾಗಿ ಈ ಬೋರ್ಡುಗಳ ಹಿಂದಿನ ಕಥೆ ಗೊತ್ತಿರೋದು ಒಳ್ಳೇದು.

ನಕ್ಷೆ ಕೊಟ್ಟ ಪಂಗಡ

ಲಂಡನ್ ಮಿಷನ್ 1810ರಲ್ಲಿ ಬಳ್ಳಾರಿಗೆ ಬಂತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಧಾರವಾಡ, ಹುಬ್ಬಳ್ಳಿ ಕಡೆ ಹಬ್ಬಿತು. ಮೈಸೂರು ಸೀಮೆಯಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮೆಥೊಡಿಸ್ಟರು, ಬೀದರ್ ಕಡೆ ಅಮೆರಿಕದ ಮೆಥೊಡಿಸ್ಟರು. ಒಬ್ಬರು ಕೆಲಸ ಮಾಡೋ ಕಡೆ ಇನ್ನೊಬ್ಬರು ಪೈಪೋಟಿಗೆ ಇಳಿಯಬಾರದು ಅಂತ ಪ್ರಾಟೆಸ್ಟಂಟ್ ಮಿಷನ್‌ಗಳು ಪ್ರದೇಶ ಹಂಚಿಕೊಳ್ಳೋ ಪದ್ಧತಿಯೂ ಇತ್ತು.

ಇದರ ಅರ್ಥ ಏನು? ಹುಬ್ಬಳ್ಳಿಯ ಮುತ್ತಜ್ಜ ಲೂಥರ್ ಹೇಳಿದ್ದನ್ನೂ ಕ್ಯಾಲ್ವಿನ್ ಹೇಳಿದ್ದನ್ನೂ ತಕ್ಕಡಿಯಲ್ಲಿಟ್ಟು ತೂಗಿ ಪಂಗಡ ಆರಿಸಿಕೊಳ್ಳಲಿಲ್ಲ. ಊರಿಗೆ ಯಾರು ಬಂದರೋ ಅವರದ್ದೇ ಇವರಿಗೂ ಆಯ್ತು. ಹಾಗಂತ ಅದು ಸುಳ್ಳು ಸಂಬಂಧ ಅಲ್ಲ. ಅದೇ ಸಭೆಯಲ್ಲಿ ಹಾಡು ಕಲಿತರು, ಅದರದೇ ಶಾಲೆಯಲ್ಲಿ ಅಕ್ಷರ ಕಲಿತರು, ಅದರ ಅಂಗಳದಲ್ಲೇ ಅಪ್ಪ ಅಮ್ಮನನ್ನ ಮಣ್ಣು ಮಾಡಿದರು. ಎರಡು ಮೂರು ತಲೆಮಾರು ಕಳೆಯೋ ಹೊತ್ತಿಗೆ ಹೊರಗಿಂದ ಬಂದದ್ದು ಮನೆಯದೇ ಆಗಿತ್ತು.

1947ರ ಜೋಡಣೆ

1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೆಲವು ಸಭಾಪಾಲಕರು ಸೇರಿದರು, ಬಹುತೇಕ ಭಾರತೀಯರೇ. ಅವರಲ್ಲಿ ಮುಖ್ಯರಾದವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ವಿ. ಎಸ್. ಅಜರಯ್ಯ. ಈ ಒಡಕುಗಳನ್ನ ನಾವು ಮಾಡಿದ್ದಲ್ಲ, ಯುರೋಪಿನ ಜಗಳ ನಾವ್ಯಾಕೆ ಹೊರಬೇಕು ಅನ್ನೋದು ಅವರ ವಾದದ ಸಾರ.

ಕೇಳೋಕೆ ಸುಲಭ, ಮಾಡೋಕೆ 28 ವರ್ಷ ಹಿಡಿಯಿತು. ದೊಡ್ಡ ತೊಡಕು ಬಿಷಪ್ ವಿಷಯ. ಬಿಷಪ್ ಕೈಯಿಟ್ಟು ಅಭಿಷೇಕ ಮಾಡಿದವರೇ ಪಾದ್ರಿ ಅನ್ನೋದು ಆಂಗ್ಲಿಕನ್ ಪರಂಪರೆ. ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳಲ್ಲಿ ಬಿಷಪ್ಪೇ ಇರಲಿಲ್ಲ. "ಹಾಗಾದ್ರೆ ನಮ್ಮ ಪಾದ್ರಿಗಳು ಇಷ್ಟು ದಿನ ಮಾಡಿದ್ದು ಸೇವೆ ಅಲ್ವಾ?" ಅನ್ನೋದು ಅವರ ನೋವು.

ಕೊನೆಗೆ ಸಿಕ್ಕ ದಾರಿ ಇದು: ಈಗಾಗಲೇ ಇರೋ ಪಾದ್ರಿಗಳನ್ನ ಹಾಗೇ ಒಪ್ಪಿಕೊಳ್ಳೋದು, ಯಾರಿಗೂ ಮರು ಅಭಿಷೇಕ ಬೇಡ. ಇನ್ನು ಮುಂದೆ ಎಲ್ಲ ಅಭಿಷೇಕವೂ ಬಿಷಪ್ ಕೈಯಿಂದ. ನಮ್ಮ ಭಾಷೇಲಿ ಹೇಳೋದಾದ್ರೆ ಹಳೇ ಡೇಟಾ ಮುಟ್ಟಲ್ಲ, ಹೊಸ ರೂಲ್ ಹೊಸ ಎಂಟ್ರಿಗೆ ಮಾತ್ರ. ಜೊತೆಗೆ, ಮನಸ್ಸಾಕ್ಷಿ ಒಪ್ಪದ ಆರಾಧನೆಯನ್ನಾಗಲಿ ಪಾದ್ರಿಯನ್ನಾಗಲಿ ಯಾವ ಸಭೆಯ ಮೇಲೂ ಹೇರಲ್ಲ ಅನ್ನೋ ಮಾತು ಕೊಟ್ಟರು.

1947 ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಸಿಎಸ್‌ಐ ಹುಟ್ಟಿತು. ಅಜರಯ್ಯನವರು 1945ರಲ್ಲೇ ತೀರಿಕೊಂಡಿದ್ದರು, ಆ ದಿನ ನೋಡಲಿಲ್ಲ. ನಂದ್ಯಾಲದ ಕೆಲವು ಆಂಗ್ಲಿಕನ್ ಸಭೆಗಳು ಹೊರಗೇ ಉಳಿದವು. ಅವರಿಗೂ ಅದು ಮನಸ್ಸಾಕ್ಷಿಯ ಪ್ರಶ್ನೆಯೇ.

ಉತ್ತರ ಭಾರತದಲ್ಲಿ ಸಿಎನ್‌ಐ ಹುಟ್ಟಿದ್ದು 1970ರ ನವೆಂಬರ್‌ನಲ್ಲಿ, ನಾಗಪುರದಲ್ಲಿ. ಅಲ್ಲಿ ದಾರಿ ಬೇರೆ. ಎಲ್ಲ ಪಂಗಡದ ಪಾದ್ರಿಗಳೂ ಒಬ್ಬರ ಮೇಲೊಬ್ಬರು ಕೈಯಿಟ್ಟು ಒಟ್ಟಿಗೇ ಶುರುಮಾಡಿದರು. ಬ್ಯಾಪ್ಟಿಸ್ಟರೂ ಸೇರಿದ್ದರಿಂದ ಮಕ್ಕಳ ದೀಕ್ಷಾಸ್ನಾನ, ದೊಡ್ಡವರಾದ ಮೇಲಿನ ದೀಕ್ಷಾಸ್ನಾನ ಎರಡಕ್ಕೂ ಜಾಗ ಸಿಕ್ಕಿತು. ಅಮೆರಿಕನ್ ಮೂಲದ ಮೆಥೊಡಿಸ್ಟರು ಮಾತ್ರ ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು. ಮೈಸೂರಿನ ಮೆಥೊಡಿಸ್ಟರ ಮೊಮ್ಮಕ್ಕಳು ಇವತ್ತು ಸಿಎಸ್‌ಐ, ಬೀದರಿನವರು ಇನ್ನೂ ಮೆಥೊಡಿಸ್ಟ್ ಆಗಿರೋದು ಇದೇ ಕಾರಣಕ್ಕೆ.

ಹಾಗಾದ್ರೆ ಈಗ?

ಸಿಎಸ್‌ಐ, ಸಿಎನ್‌ಐ, ಮಾರ್ತೋಮಾ ಈ ಮೂರೂ ಪರಸ್ಪರ ಕರ್ತನ ಭೋಜನ ಹಂಚಿಕೊಳ್ಳುತ್ತವೆ. ಅಂದ್ರೆ ಧಾರವಾಡದವಳು ಪುಣೆಯ ಸಿಎನ್‌ಐನಲ್ಲಿ ಪರಕೀಯಳಲ್ಲ. ಊರಿನ ಸಭಾಪಾಲಕರಿಂದ ಒಂದು ಪತ್ರ ತಂದುಕೊಟ್ಟರೆ ಸದಸ್ಯತ್ವದ ಮಾತುಕತೆ ಸಲೀಸು. ಕ್ಯಾಥೊಲಿಕರ ಜೊತೆ ಗೆರೆ ಬೇರೆ ಕಡೆ ಇದೆ. ತ್ರಯೇಕ ದೇವರ ಹೆಸರಲ್ಲಿ ನೀರಿನಿಂದ ಕೊಟ್ಟ ದೀಕ್ಷಾಸ್ನಾನವನ್ನ ಅವರು ಒಪ್ಪುತ್ತಾರೆ, ಆದ್ರೆ ಪರಮಪ್ರಸಾದ ಸಾಮಾನ್ಯವಾಗಿ ಹಂಚಿಕೊಳ್ಳಲ್ಲ. ಅವರಲ್ಲೊಬ್ಬರನ್ನ ಮದುವೆಯಾಗೋದಾದ್ರೆ ಅವರ ಧರ್ಮಪ್ರಾಂತದ ಅನುಮತಿ ಬೇಕು. ಹಾಲ್ ಬುಕ್ ಮಾಡೋ ಮುಂಚೆಯೇ ಗುರುಗಳ ಹತ್ತಿರ ಮಾತಾಡಿ. ಬಹಳಷ್ಟು ಪೆಂಟೆಕೋಸ್ಟಲ್ ಸಭೆಗಳು ಶಿಶುವಾಗಿದ್ದಾಗ ಪಡೆದ ದೀಕ್ಷಾಸ್ನಾನ ಸಾಲದು ಅಂತವೆ. ಅಲ್ಲಿಗೆ ಸೇರೋ ಮುಂಚೆ ಇದನ್ನ ಕೇಳಿ ತಿಳ್ಕೊಳ್ಳಿ, ಮನೆಯವರ ಜೊತೆಗೂ ಮಾತಾಡಿ.

ಒಂದಾದ ಮಾತ್ರಕ್ಕೆ ಎಲ್ಲಾ ಸರಿಹೋಯ್ತು ಅಂತಲ್ಲ. ಜಾತಿ, ಆಸ್ತಿ, ಚುನಾವಣೆ ಜಗಳಗಳು ಕೋರ್ಟ್ ಮೆಟ್ಟಿಲನ್ನೂ ಹತ್ತಿವೆ. ಯುರೋಪಿನ ಒಡಕನ್ನ ಹೊಲಿದವರಿಗೆ ನಮ್ಮದೇ ಒಡಕನ್ನ ಹೊಲಿಯೋದು ಇನ್ನೂ ಆಗಿಲ್ಲ.

ಆದ್ರೂ ಆ ಹಿರಿಯರಿಂದ ಒಂದು ಮಾತು ಕಲಿಯಬಹುದು. ಪರಂಪರೆ ಬಿಟ್ಟುಬಿಡಿ ಅಂತ ಅವರು ಯಾರಿಗೂ ಹೇಳಲಿಲ್ಲ. ನಿನ್ನದನ್ನ ತಗೊಂಡೇ ಬಾ, ಪಕ್ಕದವನದ್ದು ನಕಲಿ ಅಂತ ಮಾತ್ರ ಅನ್ನಬೇಡ ಅಂದರು. ಹೊಸ ಊರಲ್ಲಿ ಸಭೆ ಹುಡುಕುವಾಗ ಬೋರ್ಡ್ ಜೊತೆಗೆ ಇದನ್ನೂ ನೋಡಿ: ನೀವು ಹೊತ್ತು ತಂದದ್ದಕ್ಕೆ ಅಲ್ಲಿ ಜಾಗ ಇದೆಯಾ, ಅವರದ್ದಕ್ಕೆ ನಿಮ್ಮ ಮನಸ್ಸಲ್ಲಿ ಜಾಗ ಇದೆಯಾ?

ಮುಂದಿನ ಮಾತಲ್ಲಿ ಸಿಗೋಣ.