ಕಪ್ಪಣ್ಣನ ಮೂಲೆ

ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಾಗ ಅವನ ಪುಸ್ತಕ, ಬಟ್ಟೆ, ಗಿಟಾರು ಎಲ್ಲವೂ ಗಾಡಿ ಹತ್ತಿದವು. ನಾಲ್ಕಡಿ ಉದ್ದದ ಮೀನಿನ ಟ್ಯಾಂಕು ಮಾತ್ರ ನಮ್ಮ ಮೈಸೂರಿನ ಮನೆಯ ಹಾಲಿನಲ್ಲೇ ಉಳಿಯಿತು. "ದಿನಕ್ಕೆರಡು ಸಲ ಚಿಟಿಕೆ ತಿಂಡಿ ಹಾಕು, ವಾರಕ್ಕೊಮ್ಮೆ ಒಂದಷ್ಟು ನೀರು ಬದಲಾಯಿಸು, ಅಷ್ಟೇ ಅಮ್ಮ" ಅಂದಿದ್ದ. ಒಳಗಿದ್ದದ್ದು ಆರು ಹಳದಿ ಮೀನು. ದೀಪಾವಳಿ ಕಳೆಯುವಷ್ಟರಲ್ಲಿ ಅವುಗಳಲ್ಲೊಂದು ಕಪ್ಪಾಗತೊಡಗಿತು. ಏನೋ ರೋಗವೆಂದು ಗಾಬರಿಯಾಗಿ ಫೋಟೊ ಕಳಿಸಿದೆ. "ಗಂಡು ಅಮ್ಮ, ದೊಡ್ಡವನಾದ" ಎಂದು ನಕ್ಕ.

ಅದು ಔರಾಟಸ್ ಎಂಬ ಸಿಕ್ಲಿಡ್ ಮೀನು. ಮರಿಗಳಿಗೂ ಹೆಣ್ಣುಗಳಿಗೂ ಹಳದಿ ಮೈ, ಕಪ್ಪು ಪಟ್ಟೆ. ಮಿಕ್ಕವರನ್ನು ಹದ್ದುಬಸ್ತಿಗೆ ತಂದ ಗಂಡು ಈ ಬಣ್ಣವನ್ನು ತಿರುವುಮುರುವು ಮಾಡಿಕೊಂಡು ಕಪ್ಪಾಗುತ್ತದೆ. ಕಪ್ಪಣ್ಣ ಅಂತ ಹೆಸರಿಟ್ಟೆ. ಹೆಸರಿಟ್ಟ ಹದಿನೈದೇ ದಿನಕ್ಕೆ ಎರಡು ಮೀನು ಸತ್ತವು. ಮತ್ತೊಂದು ಫಿಲ್ಟರ್ ಪೈಪಿನ ಹಿಂದೆ, ಬಾಲ ಹರಿದುಕೊಂಡು, ಮೂತಿಯನ್ನು ನೀರಿನ ಮೇಲ್ಗಡೆಗೆ ತಾಗಿಸಿಕೊಂಡು ನಿಂತಿತ್ತು. ಮೀನುಗಳೆಲ್ಲ ಹಾಗೆ ಮೇಲೆ ಬಂದರೆ ನೀರಿನಲ್ಲಿ ಗಾಳಿ ಸಾಲದು. ಒಂದು ಮೀನು ಮಾತ್ರ ಮೂಲೆ ಹಿಡಿದರೆ ಅದನ್ನು ಯಾರೋ ಕೆಳಗಿಳಿಯಲು ಬಿಡುತ್ತಿಲ್ಲ.

ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಸಿಕ್ಲಿಡ್ ಎಂಬ ಪದವನ್ನು ಬೋರ್ಡಿನ ಮೇಲೆ ಒಮ್ಮೆಯೂ ಬರೆದಿರಲಿಲ್ಲ. ಆದರೆ ಈ ಕುಲದವರು ನಮಗೆ ಹೊಸಬರೇನಲ್ಲ. ನಮ್ಮ ಕಡೆ ಸಂತೆಯಲ್ಲಿ ಮಾರುವ ಜಿಲೇಬಿ ಮೀನು, ಅಂದರೆ 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯಾ, ಇದೇ ಕುಟುಂಬದ್ದು. ಕೇರಳದ ಕರಿಮೀನೂ ಅಷ್ಟೆ. ದಕ್ಷಿಣ ಕನ್ನಡದ ಹೊಳೆಗಳಲ್ಲಿರುವ ಒಂದು ಸಿಕ್ಲಿಡ್‌ಗೆ ಮೀನುತಜ್ಞ ಫ್ರಾನ್ಸಿಸ್ ಡೇ 1877ರಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ನಮ್ಮ ಕೆನರಾದ ಹೆಸರನ್ನೇ ಇಟ್ಟ.

ಕಪ್ಪಣ್ಣನ ತವರು ಆಫ್ರಿಕದ ಮಲಾವಿ ಸರೋವರ. ದಡದ ಬಂಡೆಗಳ ನಡುವೆ ಬದುಕುವ ಇವನ ಬಳಗಕ್ಕೆ ಅಲ್ಲಿನ ತೊಂಗಾ ಭಾಷೆಯಲ್ಲಿ ಎಂಬುನಾ ಎನ್ನುತ್ತಾರೆ. ಬಂಡೆಗೆ ಅಂಟಿದ ಪಾಚಿಯೇ ಇವರ ಊಟ. ಗಂಡಿಗೆ ಬಂಡೆ ದಕ್ಕಿದರೆ ಊಟವೂ ದಕ್ಕಿತು, ಹೆಣ್ಣೂ ಅಲ್ಲಿಗೇ ಬರುತ್ತಾಳೆ. ಅದಕ್ಕೇ ಅಷ್ಟು ಕಾದಾಟ. ಅಲ್ಲಿ ಸೋತವನು ಪಕ್ಕದ ಬಂಡೆಗೆ ಓಡಿ ಬಚಾವಾಗುತ್ತಾನೆ. ನನ್ನ ಹಾಲಿನಲ್ಲಿ ಓಡಿದವನಿಗೆ ನಾಲ್ಕಡಿಗೆ ಗಾಜು ಸಿಗುತ್ತಿತ್ತು.

"ಇನ್ನೊಂದು ಹತ್ತು-ಹನ್ನೆರಡು ಮೀನು ಬಿಡಿ ಮೇಡಂ" ಅಂದ ಅಂಗಡಿಯ ಹುಡುಗ. ವ್ಯಾಪಾರದ ಮಾತು ಎಂದು ಸಿಟ್ಟು ಬಂತು. ಅವನು ಹೇಳಿದ್ದು ಸರಿಯೇ ಇತ್ತು. ಮೂರೇ ಮೀನಿದ್ದರೆ ಕಪ್ಪಣ್ಣನ ಕಣ್ಣೆಲ್ಲ ಬಡಪಾಯಿಯೊಂದರ ಮೇಲೆ. ಹದಿನೈದು ಮೀನು ಅತ್ತಿತ್ತ ಓಡಾಡುತ್ತಿದ್ದರೆ ಯಾರನ್ನು ಅಟ್ಟಿಸಬೇಕೆಂದೇ ತಿಳಿಯುವುದಿಲ್ಲ. ಏಟು ಇಲ್ಲವಾಗುವುದಿಲ್ಲ, ಹಂಚಿಹೋಗುತ್ತದೆ. ಸುಮ್ಮನೆ ತುಂಬಿದರೆ ಮಾತ್ರ ಹೊಲಸು ಹೆಚ್ಚಿ, ಅಮೋನಿಯಾ ಏರಿ, ಕಪ್ಪಣ್ಣನೂ ಸೇರಿ ಎಲ್ಲರೂ ಸಾಯುತ್ತಾರೆ. ಎರಡನೇ ಫಿಲ್ಟರ್ ಹಾಕಿಸಿದೆ, ವಾರಕ್ಕೆ ಮೂರನೇ ಒಂದು ಭಾಗ ನೀರು ಬದಲಾಯಿಸಿದೆ. ಬೋರ್‌ವೆಲ್ಲಿನ ಗಡಸು ನೀರಿನಿಂದ ಬೇಳೆ ಬೇಯುವುದಿಲ್ಲವೆಂದು ಜೀವಮಾನವಿಡೀ ಗೊಣಗಿದವಳು ನಾನು. ಈ ಮೀನುಗಳಿಗೆ ಅದೇ ಅಮೃತ.

ಏನನ್ನು ತರಬೇಕು ಎಂಬುದರಲ್ಲೂ ಲೆಕ್ಕವಿದೆ. ತನ್ನಂತೆಯೇ ಪಟ್ಟೆಯಿರುವ ಇನ್ನೊಂದು ಗಂಡು ಕಂಡರೆ ಕಪ್ಪಣ್ಣ ಉರಿದುಬೀಳುತ್ತಾನೆ. ಹಾಗಾಗಿ ಅವನ ಜಾತಿಯ ಬೆಳೆದ ಹೆಣ್ಣುಗಳನ್ನೇ ಹುಡುಕಿ ನಾಲ್ಕು ತಂದೆ, ಉಳಿದದ್ದೆಲ್ಲ ಸಾಧು ಸ್ವಭಾವದ, ತುಕ್ಕಿನ ಬಣ್ಣದ ರಸ್ಟಿ ಸಿಕ್ಲಿಡ್.

ಅದಕ್ಕೂ ಮೊದಲು ಕಪ್ಪಣ್ಣನಿಗೆ ಐದು ದಿನ ಗಡಿಪಾರು. ಗಾಳಿ ಪಂಪು ಹಾಕಿದ ಡ್ರಮ್ಮಿನಲ್ಲಿ ಅವನಿದ್ದಾಗ ಒಳಗಿನ ಕಲ್ಲೆಲ್ಲ ಕಿತ್ತೆ. ಹೊಸದಾಗಿ ಜೋಡಿಸುವಾಗ ಕಲ್ಲನ್ನು ನೇರ ತಳದ ಗಾಜಿನ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಸುರಿದೆ. ಮರಳಿನ ಮೇಲಿಟ್ಟರೆ ಇವು ಹೆಗ್ಗಣದ ಹಾಗೆ ಅಡಿಯನ್ನು ತೋಡಿ ಕಲ್ಲನ್ನು ಮೈಮೇಲೆ ಕೆಡವಿಕೊಳ್ಳುತ್ತವೆ. ಒಂದು ತುದಿಯಲ್ಲಿ ನಿಂತವನಿಗೆ ಇನ್ನೊಂದು ತುದಿ ಕಾಣದಂತೆ ನಡುವೆ ಎತ್ತರದ ಗುಡ್ಡೆ. ಹೊಸಬರನ್ನೆಲ್ಲ ಒಟ್ಟಿಗೆ ಬಿಟ್ಟೆ. ಐದನೇ ರಾತ್ರಿ ದೀಪ ಆರಿಸಿ ಕಪ್ಪಣ್ಣನನ್ನು ಇಳಿಸಿದೆ. ಬೆಳಿಗ್ಗೆ ಅವನು ತನ್ನ ಹಳೇ ಗುಹೆ ಹುಡುಕುತ್ತಾ ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನಂತೆ ಅಲೆದ. ಎಡಗಡೆಯ ಮೂಲೆಯನ್ನು ಮತ್ತೆ ಹಿಡಿದ, ನಿಜ. ಆದರೆ ಆ ಮೂಲೆಯಷ್ಟೇ.

ಫ್ಲವರ್‌ಹಾರ್ನ್ ಸಾಕುವವರು ಈ ಉಪಾಯಗಳನ್ನು ನಂಬಬೇಡಿ. ವಾಸ್ತುವಿಗೆ ಒಳ್ಳೆಯದೆಂದು ತರುವ ಆ ಉಬ್ಬುಹಣೆಯ ಮೀನಿಗೆ ಒಂಟಿವಾಸವೇ ಸರಿ.

ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಹಂಚಿಕೊಂಡ ಕಾನ್ರಾಡ್ ಲೊರೆಂಜ್, ಆಕ್ರಮಣಶೀಲತೆಯ ಬಗ್ಗೆ ಬರೆದ ಪುಸ್ತಕದಲ್ಲಿ ಸಿಕ್ಲಿಡ್ ಜೋಡಿಗಳ ಕತೆ ಹೇಳುತ್ತಾನೆ. ಎರಡು ಜೋಡಿಗಳ ನಡುವೆ ಗಾಜಿನ ತಡಿಕೆ ಇಟ್ಟಿದ್ದನಂತೆ. ಗಂಡುಗಳು ಗಾಜಿನಾಚೆಯ ನೆರೆಯವನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದವು, ಸಂಸಾರ ಸುಖವಾಗಿತ್ತು. ಗಾಜಿಗೆ ಪಾಚಿ ಕಟ್ಟಿ ನೆರೆಯವನು ಮರೆಯಾದನೋ, ಗಂಡು ಹೆಂಡತಿಯ ಮೇಲೆ ತಿರುಗಿಬೀಳುತ್ತಿತ್ತು. ಗಾಜು ಒರೆಸುವ ಹೊತ್ತಾಯಿತೆಂದು ಲೊರೆಂಜನಿಗೆ ಗೊತ್ತಾಗುತ್ತಿದ್ದದ್ದೇ ಹಾಗೆ. ಇದನ್ನು ಓದಿ ನಾನು ನಮ್ಮೆಜಮಾನರ ಕಡೆ ನೋಡಿದೆ. ಅವರು ಪೇಪರ್ ತಿರುವಿಹಾಕಿದರು.

ಹೋದ ವಾರದಿಂದ ನಾಲ್ಕು ಹೆಣ್ಣುಗಳಲ್ಲಿ ಒಂದು ಊಟ ಬಿಟ್ಟಿದೆ, ಗಲ್ಲ ಉಬ್ಬಿದೆ. ಬಾಯಿ ತುಂಬ ಮೊಟ್ಟೆ. ಮೂರು ವಾರ ಏನನ್ನೂ ಸರಿಯಾಗಿ ತಿನ್ನದೆ ಮರಿಗಳನ್ನು ಬಾಯಲ್ಲೇ ಬೆಳೆಸುತ್ತಾಳೆ, ಹೆದರಿದರೆ ಉಗುಳಿಬಿಡಬಹುದು. "ಟ್ಯಾಂಕಿನೊಳಗೆ ಕೈ ಹಾಕಬೇಡ, ಗಾಜನ್ನೂ ಉಜ್ಜಬೇಡ ಅಮ್ಮ" ಎಂದಿದ್ದಾನೆ ಮಗ. ಮುಂದಿನ ಗಾಜಿಗೆ ದಪ್ಪ ಪಾಚಿ ಕಟ್ಟಿದೆ. ಮನೆಗೆ ಬಂದವರು ಬಗ್ಗಿ ನೋಡಿ, ಒಳಗೆ ಮೀನಿದೆಯಾ ಅಂತ ಕೇಳುತ್ತಾರೆ.