ಶಿಂಷೆಯ ನೀರು, ಹರಿಗೋಲು ಮತ್ತು ಸರ್ವರ ದಾರಿ

ಬೆಂಗಳೂರು ಸೀಮೆಯ ನವದುರ್ಗಗಳಲ್ಲಿ ಒಂದೆಂದು ಹೆಸರಾದ ಹುತ್ರಿದುರ್ಗವು ಪರರನ್ನು ತಡೆಯಲೆಂದೇ ಕಟ್ಟಿದ ಕೋಟೆ. ಇಂದು ಅದು ಚಾರಣಿಗರೆಲ್ಲರಿಗೂ ದಾರಿಯಾಗಿದೆ. ಅದೇ ಕುಣಿಗಲ್ ತಾಲ್ಲೂಕಿನಲ್ಲಿ ಹರಿಯುವ ಶಿಂಷಾ ನದಿಯಾದರೋ ಸ್ವಭಾವದಿಂದಲೇ ಸರ್ವರಿಗೂ ತೆರೆದದ್ದು. ಆದರೆ ನದಿ ಸರ್ವರದೆಂದು ನುಡಿದಮಾತ್ರಕ್ಕೆ ಅದು ಸರ್ವರದಾಗದು. ಅದನ್ನು ಸೇರುವ ದಾರಿಯೂ, ಅದರ ನಡೆಯ ಅರಿವೂ ಜೊತೆಗೂಡಬೇಕು. ಈ ಎರಡನ್ನೂ ವಾಚಕರಲ್ಲಿ ನಿವೇದಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷೆ ತುಮಕೂರು, ಮಂಡ್ಯ ಜಿಲ್ಲೆಗಳನ್ನು ಹಾದು ಕಾವೇರಿಯನ್ನು ಕೂಡುತ್ತದೆ. ಮಳೆಯನ್ನೇ ನಂಬಿದ ನದಿಯಾದುದರಿಂದ ಬೇಸಗೆಯಲ್ಲಿ ಸೊರಗಿ, ಮಳೆಗಾಲದಲ್ಲಿ ಉಕ್ಕುತ್ತದೆ. ಬಂಡೆಗಲ್ಲುಗಳೂ ತೆಳುನೀರೂ ಇರುವ ಇಂಥ ಹೊಳೆಗಳಿಗೆ ತಕ್ಕ ವಾಹನ ಹರಿಗೋಲು. ಅದರ ಹೆಸರಿನಲ್ಲಿಯೇ ಹರಿಯುವಿಕೆಯೂ ಕೋಲೂ ಕೇಳಿಬರುತ್ತವೆ. ಬಿದಿರನ್ನು ಬುಟ್ಟಿಯಂತೆ ಹೆಣೆದು ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ತಳ ಅಗಲವಾದುದರಿಂದ ಅದು ನೀರಿನಲ್ಲಿ ಹೆಚ್ಚು ಆಳಕ್ಕಿಳಿಯದು. ಮೂತಿಯುಳ್ಳ ನೀಳದೋಣಿ ನೇರವಾಗಿ ಸಾಗಿದರೆ, ದುಂಡನೆಯ ಹರಿಗೋಲು ಹುಟ್ಟಿನ ಹದ ತಪ್ಪಿದೊಡನೆ ಗಿರಗಿರನೆ ತಿರುಗುತ್ತದೆ. 16ನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಜನರೂ, ಅಗತ್ಯಬಿದ್ದಾಗ ದನ ಕುದುರೆಗಳೂ ಇಂಥ ಬುಟ್ಟಿದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ಇನ್ನು ಹಕ್ಕಿನ ವಿಚಾರ. ಹರಿಯುವ ನೀರು ಸರ್ವರಿಗೂ ಸಮಾನವೆಂದು 6ನೆಯ ಶತಮಾನದ ರೋಮನ್ ನ್ಯಾಯಸಂಹಿತೆ ಸಾರಿತು. ನಮ್ಮಲ್ಲಿ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣವು ನದಿ, ಹಳ್ಳ, ಕೆರೆಗಳ ಪಾತ್ರವನ್ನೂ ನಿಂತ ಹಾಗೂ ಹರಿವ ನೀರನ್ನೂ ರಾಜ್ಯ ಸರ್ಕಾರದ ಸ್ವತ್ತೆಂದು ವಿಧಿಸುತ್ತದೆ. ಹಾಗೆಂದು ಸರ್ಕಾರವು ಮನಬಂದಂತೆ ವಿಲೇವಾರಿ ಮಾಡಬಲ್ಲ ಒಡೆಯನಲ್ಲ. ಬಿಯಾಸ್ ನದಿಯ ದಡದ ವಿಹಾರಗೃಹವೊಂದರ ಪ್ರಕರಣದಲ್ಲಿ, 1996ರ ಡಿಸೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯವು ಇಂಥ ಸಂಪತ್ತಿಗೆ ಸರ್ಕಾರ ಕೇವಲ ಧರ್ಮದರ್ಶಿಯೆಂದೂ, ಖಾಸಗಿ ಲಾಭಕ್ಕಾಗಿ ಅದನ್ನು ಬಿಟ್ಟುಕೊಡಲಾಗದೆಂದೂ ನಿರ್ಣಯಿಸಿತು. ಆದರೆ ನೀರು ಸಾರ್ವಜನಿಕವಾದರೂ ದಡದ ಹೊಲ ತೋಟಗಳು ಖಾಸಗಿಯಾಗಿರಬಹುದು. ದೋಣಿ ಹೊತ್ತವನಿಗೂ, ದನಕ್ಕೆ ನೀರು ಕುಡಿಸುವವನಿಗೂ ಇಳಿದಾರಿ ಬೇಕು. ಬಂಡಿಜಾಡು ಮುಚ್ಚಿ ಬೇಲಿ ಎದ್ದರೆ ನದಿಯ ಮೇಲಿನ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ದಾರಿಗಿಂತಲೂ ಮಿಗಿಲಾದುದು ಅರಿವು. ಯಡಿಯೂರಿಗೆ ಬಂದ ಯಾತ್ರಿಕರಲ್ಲಿ ಅನೇಕರು ಮಾರ್ಕೋನಹಳ್ಳಿ ಜಲಾಶಯವನ್ನೂ ನೋಡಿಹೋಗುತ್ತಾರೆ. ಶಿಂಷೆಗೆ ಅಡ್ಡಲಾಗಿ ಕಟ್ಟಿದ ಈ ಜಲಾಶಯ ಸುಮಾರು 2,400 ದಶಲಕ್ಷ ಘನ ಅಡಿ ನೀರನ್ನು ಹಿಡಿಯುತ್ತದೆ. ಇದರ ವೈಶಿಷ್ಟ್ಯ ಸ್ವಯಂಚಾಲಿತ ಸೈಫನ್. ನೀರು ಪೂರ್ಣಮಟ್ಟವನ್ನು ಮುಟ್ಟಿ ಏರತೊಡಗಿದಾಗ, ಬಾಗಿದ ಕೊಳವೆಯೊಳಗಣ ಗಾಳಿಯನ್ನು ನೀರೇ ಹೊರದಬ್ಬುತ್ತದೆ. ಒಮ್ಮೆ ಗಾಳಿ ಬರಿದಾಯಿತೆಂದರೆ ನೀರು ಪೂರ್ಣವೇಗದಿಂದ ಧುಮುಕುತ್ತದೆ. ಬಾಗಿಲು ತೆರೆಯುವ ಕೈಯೇ ಬೇಡ. ಯಂತ್ರಕೌಶಲದ ದೃಷ್ಟಿಯಿಂದ ಇದು ಸೊಗಸು. ಅಣೆಕಟ್ಟೆಯ ಕೆಳಗೆ ಮೊಣಕಾಲುದ್ದದ ನೀರಿನಲ್ಲಿ ನಿಂತವನಿಗೆ ಇದೇ ಮೃತ್ಯು. 2025ರ ಅಕ್ಟೋಬರಿನಲ್ಲಿ ಇಲ್ಲಿ ನೀರಿಗಿಳಿದಿದ್ದ ಒಂದೇ ಬಳಗದವರು ಹೀಗೆ ಹಠಾತ್ತನೆ ಹೆಚ್ಚಿದ ಹರಿವಿನಲ್ಲಿ ಕೊಚ್ಚಿಹೋದರು. ಅಂದು ನೀರಿನ ಬಳಿಗೆ ಹೋಗಲು ದಾರಿಯಿತ್ತು. ನೀರು ಏನು ಮಾಡೀತೆಂಬುದನ್ನು ತಿಳಿಯುವ ದಾರಿಯಿರಲಿಲ್ಲ.

ಇಂಥ ದುರಂತ ಸಂಭವಿಸಿದೊಡನೆ ದಡಕ್ಕೆ ಬೇಲಿ ಹಾಕಿ ಜನರನ್ನು ದೂರವಿಡುವ ಮಾತು ಹುಟ್ಟುವುದು ಸಹಜ. ಅಣೆಕಟ್ಟೆಯ ಬುಡದಲ್ಲಿ ನಿಷೇಧ ಇರಲೇಬೇಕು. ಆದರೆ ಇಡೀ ನದಿಯನ್ನು ಮುಚ್ಚಿದರೆ ಜನ ಕದ್ದಿಳಿಯುತ್ತಾರೆ. ಈಜು ತಿಳಿಯದ ತಲೆಮಾರು ಬೆಳೆಯುತ್ತದೆ. ಅಪಾಯದ ಎಡೆಯಲ್ಲಿ ಎಚ್ಚರಿಕೆಯ ಫಲಕ, ಮಳೆಗಾಲದಲ್ಲಿ ಮುನ್ಸೂಚನೆಯ ಗಂಟೆ, ಶಾಂತಜಲದ ಎಡೆಯಲ್ಲಿ ಮೆಟ್ಟಿಲು, ಹರಿಗೋಲು ಹತ್ತುವವರಿಗೆಲ್ಲ ತೇಲುಕವಚ – ಇವು ಆಗಬೇಕಾದ ಕೆಲಸಗಳು.

ಅಧ್ಯಾಪಕ ಮಹನೀಯರು ಸೈಫನ್ನಿನ ತತ್ತ್ವವನ್ನು ಪಾಠದ ಹಲಗೆಯ ಮೇಲೆ ಬರೆದು ಮುಗಿಸದೆ, ನಮ್ಮ ತಾಲ್ಲೂಕಿನ ಅಣೆಕಟ್ಟೆಯನ್ನೇ ಉದಾಹರಣೆಯಾಗಿ ಕೊಟ್ಟು ತಿಳಿಸಲಿ. ನದೀತೀರದಲ್ಲಿ ಭೂಮಿಯುಳ್ಳ ಹಳೆಯ ವಿದ್ಯಾರ್ಥಿಗಳು ಹಳೆಯ ಜಾಡನ್ನು ಬಿಟ್ಟುಕೊಡಲಿ. ದಾನಿಗಳು ಕಟ್ಟಡಗಳಿಗೆ ಕೊಡುವಂತೆಯೇ ಮಕ್ಕಳ ಈಜುಶಿಕ್ಷಣಕ್ಕೂ ಕೊಡಲಿ. ಕೆರೆ ಕಟ್ಟಿಸುವುದನ್ನು ನಮ್ಮ ಹಿರಿಯರು ಪುಣ್ಯವೆಂದು ಎಣಿಸಿದರು. ಆ ನೀರಿನ ಬಳಿಗೆ ಹೋದ ಮಗು ಮರಳಿ ಮನೆ ಸೇರುವಂತೆ ಮಾಡುವುದು ಅದಕ್ಕಿಂತ ಕಿರಿದಾದ ಪುಣ್ಯವಲ್ಲ.